ಇದ್ದಿಲು ಬಸ್ಸಿನ ಇಂಗ್ಲಿಷ್ ಮಾಸ್ತರ

ದೇವದುರ್ಗದ ಬೇವಿನ ಮರದ ಕೆಳಗೆ ಇನ್ನೂ ಮುಖ ಗುರುತು ಸಿಗುವಷ್ಟು ಬೆಳಕಾಗಿಲ್ಲ. ರಾಯಚೂರಿಗೆ ಹೋಗುವ ಬಸ್ಸಿನ ಬೆನ್ನಿಗೆ ಬಿಗಿದಿರುವ ಕಬ್ಬಿಣದ ಪೀಪಾಯಿಯೊಳಗೆ ತಾಯಣ್ಣ ಬುಟ್ಟಿ ಬುಟ್ಟಿ ಇದ್ದಿಲು ಸುರಿಯುತ್ತಿದ್ದಾರೆ. ಯುದ್ಧ ಬಂದು ಪೆಟ್ರೋಲು ಮಾಯವಾದ ಮೇಲೆ ನಮ್ಮ ಕಡೆಯ ಬಸ್ಸುಗಳು ಇದ್ದಿಲಿನ ಹೊಗೆ ಕುಡಿದೇ ಓಡಬೇಕು. ಕೆಂಡ ಹೊತ್ತಬೇಕು, ಪಕ್ಕದ ಗಾಳಿಚಕ್ರವನ್ನು ತಿರುಗಿಸಿ ತಿರುಗಿಸಿ ಅದು ನಿಗಿನಿಗಿ ಅನ್ನಬೇಕು, ಆಮೇಲೆ ತಾನೇ ಎಂಜಿನ್ನು ಕೆಮ್ಮುತ್ತಾ ಏಳುವುದು! ಅಲ್ಲಿಯವರೆಗೆ ಪ್ರಯಾಣಿಕರು ಏನು ಮಾಡಬೇಕು? ಬೇರೆ ಊರಿನಲ್ಲಾದರೆ ಬಸ್ಸಿನ ಮಾಲೀಕನಿಗೆ ಹಿಡಿಶಾಪ ಹಾಕುತ್ತಾರೆ. ಇಲ್ಲಿ ಇಂಗ್ಲಿಷ್ ಕಲಿಯುತ್ತಾರೆ.

“ಗೆಟ್ ಇನ್!” ಎಂದು ತಾಯಣ್ಣ ಕೂಗುತ್ತಾರೆ. ಮಂದಿ ಬಸ್ಸು ಹತ್ತುತ್ತಾರೆ. “ಗೆಟ್ ಡೌನ್!” ಮಂದಿ ಇಳಿಯುತ್ತಾರೆ. ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡ ಮುದುಕಿಯೊಬ್ಬಳು ನಡುವೆಯೇ ಕೂತುಬಿಡುತ್ತಾಳೆ. “ಯಪ್ಪಾ, ಒಮ್ಮೆ ಹತ್ತು ಅಂತೀದಿ, ಒಮ್ಮೆ ಇಳಿ ಅಂತೀದಿ. ನನ್ನ ಮೊಣಕಾಲಿಗೂ ಇಂಗ್ಲೀಷ್ ಬರಬೇಕೇನು?” ಎಂದು ಕೇಳುತ್ತಾಳೆ. ತಾಯಣ್ಣ ಸುಮ್ಮನಿರುವವರಲ್ಲ. “ಸಿಟ್ ಡೌನ್ ಅಂದ್ರ ಅದ ನೋಡು ಯವ್ವಾ. ನಾ ಹೇಳೂದ್ರಾಗ ನೀ ಮಾಡಿ ಮುಗಿಸೀದಿ” ಎಂದು ಅವಳ ಕೋಳಿಬುಟ್ಟಿಯನ್ನು ಎತ್ತಿ ಒಳಗಿಡುತ್ತಾರೆ. ಎತ್ತುವಾಗ “ಪಿಕ್ ಅಪ್”, ಇಡುವಾಗ “ಪುಟ್ ಡೌನ್”. ಬುಟ್ಟಿಯ ಕೋಳಿಯೊಂದು ಬಿಟ್ಟು ಉಳಿದವರೆಲ್ಲ ಜೊತೆಗೇ ಹೇಳುತ್ತಾರೆ.

ತಾಯಣ್ಣನ ಶಾಲೆಯಲ್ಲಿ ಪಾಟಿಯಿಲ್ಲ, ಬಳಪವಿಲ್ಲ. ಅವರಿಗೇ ಇಂಗ್ಲಿಷ್ ಓದಲು ಬಾರದು. ಕೈ ಮಾಡದ ಕೆಲಸವನ್ನು ಬಾಯಿ ಹೇಳಬಾರದು ಎಂಬುದೊಂದೇ ಅವರ ಕಟ್ಟಳೆ. “ಇಂಗ್ಲೀಷ್ ಅಂದ್ರ ಭಾಳ ಏನಿಲ್ಲರೀ. ಎತ್ತು ಒಂದ ಇರ್ತದ. ಬಾಲ ಈ ಕಡಿ ತಿರುವಿದ್ರ ಹಿಂಗ ಹೋಗ್ತದ, ಆ ಕಡಿ ತಿರುವಿದ್ರ ಹಂಗ. ಗೆಟ್ ಅನ್ನೂದು ಎತ್ತು. ಅಪ್, ಡೌನ್, ಇನ್, ಔಟ್ ಎಲ್ಲಾ ಬಾಲ. ಎತ್ತು ಹೊಡದವರಿಗೆ ಇದನ್ನ ಬಿಡಿಸಿ ಹೇಳಬೇಕೇನ್ರಿ?” ಎಂದು ಅವರು ಗಾಳಿಚಕ್ರ ತಿರುಗಿಸುತ್ತಲೇ ಹೇಳುತ್ತಾರೆ. ತಿರುಗಿಸುವುದು ಎಡಗೈಯಿಂದ. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಮಡಚಿಯೇ ಇವೆ.

ಆ ಕೈಯ ಕಥೆ ಕೇಳದೆ ಈ ಪಾಠ ಅರ್ಥವಾಗುವುದಿಲ್ಲ. ಮಾನ್ವಿ ತಾಲೂಕಿನ ಕುರ್ಡಿಯ ಕೂಲಿ ಮನೆತನದ ತಾಯಣ್ಣ ಹರೆಯದಲ್ಲಿ ರಾಯಚೂರಿನ ರೈಲು ಎಂಜಿನ್ನುಗಳಿಗೆ ಕಲ್ಲಿದ್ದಲು ತುಂಬುವ ಕೆಲಸಕ್ಕೆ ಸೇರಿದ್ದರು. ಡ್ರೈವರ್ ಸಾಹೇಬರು ದಿನವಿಡೀ ಆಡುತ್ತಿದ್ದ ಮಾತನ್ನು ಕಿವಿಗೊಟ್ಟು ಕೇಳಿ, ಅವರ ಕೈ ನೋಡಿ ನೋಡಿ ಕಲಿತರು. ಹರಿ ಅಪ್, ಹೋಲ್ಡ್ ಆನ್, ವೇಟ್ ಎ ಬಿಟ್, ಕ್ಯಾರಿ ಆನ್ ಎಲ್ಲ ಆ ಹೊಗೆಯಲ್ಲಿ ಸಿಕ್ಕಿದ ಆಸ್ತಿ. ಒಂದು ದಿನ ಸಾಹೇಬರು ಎಂಜಿನ್ನಿನ ಮೇಲಿಂದ ಏನೋ ಹೇಳಿದರು. ಉಗಿಯ ಸದ್ದಿನಲ್ಲಿ ತಾಯಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಬಾಯಿ “ಯೆಸ್ ಸರ್” ಅಂದುಬಿಟ್ಟಿತು. ಸಾಹೇಬರು ಆ ಮಾತನ್ನು ನಂಬಿ ಉಗಿ ಬಿಟ್ಟರು. ತಾಯಣ್ಣನ ಬಲಗೈ ಉಗಿ ನುಗ್ಗುವ ಕೊಳವೆಯ ಬಾಯಲ್ಲೇ ಇತ್ತು.

“ಸಾಹೇಬಂದು ತಪ್ಪಿಲ್ಲರೀ. ತಿಳದದ ಅಂತ ನಾ ಅಂದೆ, ಅವ ನಂಬಿದ” ಎನ್ನುತ್ತಾರೆ ತಾಯಣ್ಣ. “ನನ್ನ ಕೈ ಸುಟ್ಟಿದ್ದು ಉಗಿ ಅಲ್ಲ. ಆ ಯೆಸ್ಸು.”

ನೌಕರಿ ಹೋಯಿತು. ಊರಿಗೆ ಬಂದು ಒಂದೇ ಕೈಯಲ್ಲಿ ಆಗುವ ಕೆಲಸಗಳನ್ನೆಲ್ಲ ಮಾಡಿದರು, ಆಗದ ಕೆಲಸಗಳನ್ನೂ ಮಾಡಿದರು. ಯುದ್ಧ ಶುರುವಾಗಿ ಬಸ್ಸುಗಳಿಗೆ ಇದ್ದಿಲಿನ ಪೀಪಾಯಿ ಬಂದಾಗ ಬೆಂಕಿಯ ಗುಣ ಬಲ್ಲವರು ಬೇಕಾದರು. ಡ್ರೈವರ್ ಖಾಜಾಮಿಯಾ ಹುಡುಕಿಕೊಂಡು ಬಂದು ಕರೆದೊಯ್ದರು. ಇಬ್ಬರೂ ಸೇರಿ ಈಗ ದಿನಾ ದೇವದುರ್ಗದಿಂದ ಗಬ್ಬೂರಿನ ಮೇಲೆ ರಾಯಚೂರಿಗೆ ಹೋಗಿ ಸಂಜೆಗೆ ತಿರುಗಿ ಬರುತ್ತಾರೆ. ವಾರಕ್ಕೊಮ್ಮೆ ರಾಯಚೂರಿನಿಂದ ಮಾನ್ವಿ ಸಂತೆಗೂ ಒಂದು ಸುತ್ತು ಹೊಡೆಯುತ್ತಾರೆ.

ನಮ್ಮ ಸೀಮೆಯ ಮಂದಿಗೆ ಒಂದು ರೋಗವಿದೆ, ಹೇಳಿಯೇಬಿಡೋಣ. ಕಚೇರಿಯಲ್ಲಿ ಉರ್ದು, ರೈಲಿನಲ್ಲಿ ಇಂಗ್ಲಿಷ್, ವಾಡೆಯಲ್ಲಿ ಗೌಡರ ಗದರಿಕೆ. ಎಲ್ಲಿ ಯಾರು ಏನಂದರೂ ನಾವು ಕೈ ಮುಗಿದು “ಜೀ ಹುಜೂರ್” ಅನ್ನುತ್ತೇವೆ. ತಿಳಿಯಿತೋ ಇಲ್ಲವೋ, ಆ ಪ್ರಶ್ನೆಯೇ ಏಳುವುದಿಲ್ಲ. ಈ ರೋಗಕ್ಕೆ ತಾಯಣ್ಣ ಕಂಡುಕೊಂಡ ಔಷಧ ಗಾಳಿಚಕ್ರ. ಖಾಜಾಮಿಯಾ ಸ್ಟಿಯರಿಂಗ್ ಹಿಡಿದು, ಮೀಸೆ ತಿರುವಿ, ಸಾಹೇಬರಂತೆ ಇಂಗ್ಲಿಷಿನದೋ ಮತ್ತಾವುದರದೋ ಮಾತನ್ನು ಪಟಪಟನೆ ಸಿಡಿಸುತ್ತಾರೆ. ಎದುರಿಗಿದ್ದವರು “ಐ ಡಿಡಂಟ್ ಫಾಲೋ, ಪ್ಲೀಸ್ ಸೇ ಇಟ್ ಅಗೇನ್” ಅನ್ನಬೇಕು. ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ ಎಂದು ಅದರ ಅರ್ಥ. ಅದನ್ನು ಬಿಟ್ಟು “ಜೀ ಹುಜೂರ್” ಎಂದರೋ, “ಯೆಸ್ ಸರ್” ಎಂದರೋ, ಕೆಳಗಿಳಿದು ಚಕ್ರ ತಿರುಗಿಸಬೇಕು. ಮಾನ್ವಿ ಸಂತೆಯ ದಿನ ಅಕ್ಕಿ ಗಿರಣಿಯ ಶೆಟ್ಟರೊಬ್ಬರು ಧೋತರದ ಕಚ್ಚೆ ಬಿಗಿದು ಚಕ್ರ ತಿರುಗಿಸಿದ್ದನ್ನು ಮಂದಿ ಇಂದಿಗೂ ಹೇಳಿ ನಗುತ್ತಾರೆ. ಪುಣ್ಯಾತ್ಮರು, ಅವರೂ ನಕ್ಕರಂತೆ.

ತಾಯಣ್ಣನ ಹೆಂಡತಿ ಸೂಗಮ್ಮನಿಗೆ ಮಾತ್ರ ಇದೆಲ್ಲ ರೇಜಿಗೆ. “ಮನ್ಯಾಗ ಉಪ್ಪು ತಾ ಅಂದ್ರ ವೇಟ್ ಎ ಬಿಟ್ ಅಂತಾನ. ಪುಗಸಟ್ಟಿ ಪಾಠಕ್ಕ ಗಂಟಲು ಹರಕೋತಾನ. ಯಾರರ ಒಬ್ಬರು ಈ ಮಾತಿನಿಂದ ಬದುಕ್ಯಾರೇನು, ಕೇಳ್ರಿ ಆತನ್ನ” ಎಂದು ಅವಳು ಸವಾಲು ಹಾಕುತ್ತಾಳೆ. ಆ ಪ್ರಶ್ನೆ ತಾಯಣ್ಣನಿಗೂ ಚುಚ್ಚುತ್ತದೆ.

ಅದಕ್ಕೇ ಇವತ್ತು ಬಸ್ಸು ಗಬ್ಬೂರು ಮುಟ್ಟುವಾಗ ಅವರು ಬಾಗಿಲಲ್ಲಿ ನಿಂತು ನಿಲುಗಡೆಯ ಕಡೆಗೇ ನೋಡುತ್ತಿದ್ದಾರೆ. ಇಲ್ಲಿ ಬೂದಿ ತೆಗೆದು, ಹೊಸ ಇದ್ದಿಲು ತುಂಬಿ, ಮತ್ತೆ ಚಕ್ರ ತಿರುಗಿಸಬೇಕು. ಬಾವಿಗೆ ನೀರಿಗೆ ಬರುತ್ತಿದ್ದ ಗೋಪಮ್ಮ ಎಂಬ ಹೆಣ್ಣುಮಗಳು ಈ ನಿಲುಗಡೆಯಲ್ಲೇ ಪಾಠ ಕಲಿತವಳು. ಟೊಂಕದ ಮೇಲಿನ ಕೊಡವನ್ನು ಇಳಿಸದೆ ಕೇಳುತ್ತಾ ನಿಲ್ಲುತ್ತಿದ್ದಳು. ಗಂಡ ಸತ್ತಿದ್ದಾನೆ, ಒಬ್ಬಳು ಸಣ್ಣ ಮಗಳಿದ್ದಾಳೆ. ಗೌಡರ ವಾಡೆಯಲ್ಲಿ ಬಿಟ್ಟಿ ಚಾಕರಿ. ಇನ್ನೆರಡು ವರ್ಷ ಹೋದರೆ ಮಗಳನ್ನೂ ಅಲ್ಲಿಗೇ ಕರೆಯುತ್ತಾರೆ ಎಂಬುದು ಅವಳ ಭಯ. ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಆಯಾ ಕೆಲಸ ಖಾಲಿ ಇದೆ, ಇರಲು ಒಂದು ಕೋಣೆಯನ್ನೂ ಕೊಡುತ್ತಾರೆ. ಆದರೆ ಅಲ್ಲಿಯ ದೊಡ್ಡ ನರ್ಸಮ್ಮನಿಗೆ ಇಂಗ್ಲಿಷ್ ಬಿಟ್ಟರೆ ಅರೆಬರೆ ಹಿಂದೂಸ್ತಾನಿ ಅಷ್ಟೇ ಬರುವುದು. ಹಿಂದೊಮ್ಮೆ ಹೋದಾಗ ಗೋಪಮ್ಮ ಎಲ್ಲದಕ್ಕೂ “ಯೆಸ್ ಅಮ್ಮಾ” ಅಂದು ನಿಂತಲ್ಲೇ ನಿಂತಿದ್ದಳು. ವಾಪಸು ಕಳಿಸಿದ್ದರು. ಕಂಪೌಂಡರನ ಕೈಕಾಲು ಹಿಡಿದು ಇನ್ನೊಂದು ಅವಕಾಶ ಪಡೆದಿದ್ದಾಳೆ, ಅದು ಇವತ್ತು. ಇದೂ ತಪ್ಪಿದರೆ ಮತ್ತೆ ಕರೆಯುವುದಿಲ್ಲ ಎಂದು ಮೊದಲೇ ಹೇಳಿದ್ದಾರೆ.

ಖಾಜಾಮಿಯಾ ಸಾಹೇಬರಾಗಿ ಏನೋ ಗುಡುಗುತ್ತಾರೆ. ಗೋಪಮ್ಮ ಸೆರಗು ಸರಿಮಾಡಿಕೊಂಡು “ಯೆಸ್...” ಅನ್ನುತ್ತಾಳೆ. ಬಸ್ಸಿನ ಮಂದಿ ಹೋ ಎಂದು ನಗುತ್ತಾರೆ. ಅವಳು ಹೋಗಿ ಚಕ್ರ ತಿರುಗಿಸುತ್ತಾಳೆ. ಕಣ್ಣಲ್ಲಿ ನೀರಿದೆ, ಹೊಗೆಯ ಮೇಲೆ ಹಾಕಬಹುದು.

“ಪಿಕ್ ಅಪ್, ಪುಟ್ ಡೌನ್, ಲೈ ಡೌನ್, ಸಿಟ್ ಅಪ್ ಎಲ್ಲಾ ಬರ್ತಾವ ನಿನಗ. ಇದೊಂದು ಯಾಕ ಬರೂದಿಲ್ಲ?” ಎಂದು ತಾಯಣ್ಣ ಕೇಳುತ್ತಾರೆ.

“ಅವ್ರು ದೊಡ್ಡವ್ರು ಕಾಕಾ. ತಿಳೀಲಿಲ್ಲ ಅಂದ್ರ, ನಿಮಗ ಹೇಳಾಕ ಬರೂದಿಲ್ಲ ಅಂದಂಗ ಆಗ್ತದ.”

“ತಿಳೀದನ ಹೂಂ ಅಂದ್ರ ಸುಳ್ಳು ಹೇಳಿದಂಗ ಆಗ್ತದ ಯವ್ವಾ. ನಿನ್ನ ಹೂಂ ನಂಬಿ ಅವ್ರು ರೋಗಿನ್ನ ನಿನ್ನ ಕೈಯಾಗ ಕೊಡ್ತಾರ.” ತಾಯಣ್ಣ ಬಲಗೈಯನ್ನು ಅವಳ ಮುಂದೆ ಹಿಡಿಯುತ್ತಾರೆ. ಅವಳು ಆ ಕೈಯನ್ನು ನೋಡುತ್ತಾ ದಾರಿಯುದ್ದಕ್ಕೂ ತುಟಿಯಲ್ಲೇ ಏನೋ ಅಂದುಕೊಳ್ಳುತ್ತಾ ಕೂರುತ್ತಾಳೆ. ಏರಿನಲ್ಲಿ ಬಸ್ಸು ಉಸಿರುಗಟ್ಟಿ ನಿಂತಾಗ ಎಲ್ಲರೂ ಇಳಿದು “ಕಮ್ ಆನ್, ಕಮ್ ಆನ್” ಎಂದು ನೂಕುತ್ತಾರೆ. ಅವಳೂ ಹೆಗಲು ಕೊಡುತ್ತಾಳೆ.

ರಾಯಚೂರಿನಲ್ಲಿ ಅವಳು ಇಳಿದು ಹೋದ ಮೇಲೆ ತಾಯಣ್ಣನ ಕೈಗೆ ಕೆಲಸ ಹತ್ತುವುದಿಲ್ಲ. ಹೊಗೆ ಸೋಸುವ ಡಬ್ಬಿಯನ್ನು ಬಿಚ್ಚಿ ತೊಳೆದು, ಜೋಡಿಸಿ, ಮತ್ತೆ ಬಿಚ್ಚುತ್ತಾರೆ. “ಅರೇ ಭಾಯಿ, ಪರೀಕ್ಷಾ ಆಕಿದೋ ನಿಂದೋ?” ಎಂದು ಖಾಜಾಮಿಯಾ ಚುಡಾಯಿಸುತ್ತಾರೆ. ತಾಯಣ್ಣ ನಗುವುದಿಲ್ಲ. ತನ್ನ ಮಾತು ಕೇಳಿ ಹೋದವಳು ಮತ್ತೊಮ್ಮೆ ಬೈಸಿಕೊಂಡು ಬಂದರೆ, ಇಷ್ಟು ವರ್ಷ ಮಂದಿಯನ್ನು ಹತ್ತಿಸಿ ಇಳಿಸಿದ್ದೆಲ್ಲ ಬರೀ ಹೊತ್ತು ಕಳೆಯುವ ಆಟವಾಗಿಬಿಡುತ್ತದೆ. ಬುತ್ತಿಯ ರೊಟ್ಟಿ ಹಾಗೇ ಇದೆ.

ಸಂಜೆ ಬಸ್ಸು ಹೊರಡುವ ಹೊತ್ತಿಗೆ ಗೋಪಮ್ಮ ಓಡುತ್ತಾ ಬರುತ್ತಾಳೆ.

“ಆಕಿ ಏನೋ ಪಟಪಟ ಅಂದ್ಳು ಕಾಕಾ. ಯೆಸ್ ಅನ್ನೂದು ನಾಲಿಗಿ ತುದಿಗೆ ಬಂದೇಬಿಟ್ಟಿತ್ತು. ಹಲ್ಲು ಕಚ್ಚಿ ಹಿಡದೆ. ಆಮ್ಯಾಲ ನೀ ಕಲಿಸಿದ್ದು ಅಂದೆ. ಮುಖ ಗಂಟ ಹಾಕ್ಕೊಂಡು ಇನ್ನೊಮ್ಮಿ ಹೇಳಿದ್ಳು. ಆಗೂ ತಿಳೀಲಿಲ್ಲ. ಮತ್ತ ಅಂದೆ.”

“ಯಾ ಅಲ್ಲಾ! ಎರಡನೇ ಸಲಾನೂ?” ಖಾಜಾಮಿಯಾ ಹಣೆ ಬಡಿದುಕೊಳ್ಳುತ್ತಾರೆ.

“ಹೌದ್ರಿ. ಆಗ ನಿಧಾನಕ ಕೈ ಮಾಡಿ ತೋರಿಸಿ ಹೇಳಿದ್ಳು. ಮುದುಕಿನ್ನ ಎಬ್ಬಿಸಿ ಕೂಡಸು, ಹೊದಿಕಿ ಮಡಚು, ಕಿಡಕಿ ತೆರಿ. ಇಷ್ಟ! ಇಷ್ಟಕ್ಕ ನಾ ಅಷ್ಟು ಅಂಜಿದ್ದೆ. ಎಲ್ಲಾ ಮಾಡಿದೆ. ಸೋಮವಾರದಿಂದ ಬಾ ಅಂದಾಳ. ಮಗಳನ್ನೂ ಕರಕೊಂಡು ಬಾ ಅಂದಾಳ.” ಅಷ್ಟು ಹೇಳಿ ಅವಳು ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾಳೆ. ತಾಯಣ್ಣ ಹೋಗಿ, ತಿರುಗಿಸುವ ಅಗತ್ಯವೇ ಇಲ್ಲದ ಚಕ್ರವನ್ನು ತಿರುಗಿಸುತ್ತಾ ನಿಲ್ಲುತ್ತಾರೆ. ಸಂತೋಷವಾದಾಗ ಮನುಷ್ಯ ಏನಾದರೂ ಮಾಡಬೇಕಲ್ಲ!

ಗಬ್ಬೂರಿನಲ್ಲಿ ಬಸ್ಸು ನಿಂತಾಗ ಇನ್ನೂ ಬೆಳಕಿದೆ. ಗೌಡರ ವಾಡೆಯ ಕಾರಭಾರಿ ಗಡಿಗೆಪ್ಪ ಕಟ್ಟೆಯ ಮೇಲೆ ಕೂತಿದ್ದಾನೆ. ಗೋಪಮ್ಮ ಇಳಿಯುತ್ತಿದ್ದಂತೆ ಬಾಯ್ತುಂಬ ಎಲೆಯಡಿಕೆ ಇಟ್ಟುಕೊಂಡೇ ಏನೋ ಗೊಣಗಿ ಅಪ್ಪಣೆ ಕೊಡಿಸುತ್ತಾನೆ. ಕೊಡಿಸಿ ಆ ಕಡೆ ಮುಖ ತಿರುಗಿಸುತ್ತಾನೆ. ಅವನ ಮಾತು ಅರ್ಧ ಯಾರಿಗೂ ತಿಳಿಯುವುದಿಲ್ಲ. “ಆಗಲಿ ಧಣಿ” ಎಂದು ಹೋಗಿ, ಆಮೇಲೆ ಬೇರೆ ಆಳುಗಳನ್ನು ಕೇಳಿ ತಿಳಿದುಕೊಳ್ಳುವುದು ಊರಿನ ರೂಢಿ.

ಗೋಪಮ್ಮ ನಿಲ್ಲುತ್ತಾಳೆ. “ತಿಳೀಲಿಲ್ರಿ. ಇನ್ನೊಂದು ಸಲ ಹೇಳ್ರಿ” ಅನ್ನುತ್ತಾಳೆ.

ಗಡಿಗೆಪ್ಪ ಹಿಂತಿರುಗಿ ಅವಳನ್ನು ನೋಡುತ್ತಾನೆ, ಕಿಟಕಿಗಳಿಂದ ಇಣುಕುವ ಮುಖಗಳನ್ನು ನೋಡುತ್ತಾನೆ. ಕೊನೆಗೆ ಎದ್ದು ಹೋಗಿ ಎಲೆಯಡಿಕೆ ಉಗುಳಿ ಬರುತ್ತಾನೆ. “ಸೋಮವಾರ ವಾಡೇದಾಗ ಮದುವಿ ಅದ. ನೀರಿನ ಕೆಲಸ ನಿಂದು, ಮಗಳನ್ನೂ ಕರಕೊಂಡು ಬಾ” ಎಂದು ಒಂದೊಂದೇ ಮಾತು ಬಿಡಿಸಿ ಹೇಳುತ್ತಾನೆ.

“ಈಗ ತಿಳೀತ್ರಿ. ಬರಾಕ ಆಗೂದಿಲ್ಲ. ನನಗ ರಾಯಚೂರಾಗ ಕೆಲಸ ಸಿಕ್ಕದ” ಎಂದು ಗೋಪಮ್ಮ ಹೇಳಿ, ಮನೆಯ ದಾರಿ ಹಿಡಿಯುತ್ತಾಳೆ.

ಬಸ್ಸು ಹೊರಟ ಮೇಲೆ ಖಾಜಾಮಿಯಾ ತಾಯಣ್ಣನ ಕಡೆ ತಿರುಗುತ್ತಾರೆ. “ಶಾಬಾಸ್ ಮಾಸ್ತರ! ಛಲೋ ಕಲಿಸೀದಿ.”

ತಾಯಣ್ಣ ತಲೆಯಾಡಿಸುತ್ತಾರೆ. “ನಾ ಕಲಿಸಿದ್ದು ಇಂಗ್ಲೀಷ್ ಒಂದ ಭಾಯಿ. ನಮ್ಮ ಮಾತಿನ್ಯಾಗ ತಿಳೀಲಿಲ್ಲ ಅನ್ನಾಕ ನನಗ ಇನ್ನೂ ಧೈರ್ಯ ಬಂದಿಲ್ಲ. ಅದನ್ನ ಆಕಿ ಕಡಿಂದ ಕಲೀಬೇಕು.”