ಟಿಲ್ಲರ್ ಒಬ್ಬಳದು, ಕೈ ಊರಿನದು

ಬೆಳಕು ಹರಿಯಲು ಇನ್ನೂ ಸ್ವಲ್ಪ ಹೊತ್ತಿದೆ. ಕೊಟ್ಟಿಗೆಯಲ್ಲಿ ಕುಕ್ಕರುಗಾಲಲ್ಲಿ ಕೂತ ಯಾಮ್ನಾ ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯಿಂದ ಪವರ್ ಟಿಲ್ಲರಿನ ಎಂಜಿನ್ನಿಗೆ ಮೆತ್ತಿದ ಮಣ್ಣನ್ನು ಒರೆಸುತ್ತಿದ್ದಾರೆ. ಟಿಲ್ಲರಿನ ಒಡತಿ ತೂದಾ ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತಿದ್ದಾಳೆ. ಮೇಕೆಯೊಂದು ಬಂದು ಚಿಂದಿಯನ್ನು ಮೂಸಿ, ಮುಖ ಸಿಂಡರಿಸಿ ಹೋಗುತ್ತದೆ. ಕೊನೆಗೆ ಲೋಹದಲ್ಲಿ ಕೊರೆದ ಸಂಖ್ಯೆ ಮೂಡುತ್ತದೆ. ಯಾಮ್ನಾ ಅದನ್ನು ಬೆರಳಿನಿಂದ ಸವರಿ ನೋಡಿ ಬರೆದುಕೊಳ್ಳುತ್ತಾರೆ.

ಮೊರಾಕ್ಕೊದ ಅಟ್ಲಾಸ್ ಬೆಟ್ಟಗಳ ಈ ಕಣಿವೆಯಲ್ಲಿ ರೈತರ ವಿಮಾ ಸಂಘದ ಪರವಾಗಿ ಊರೂರು ತಿರುಗುವುದು ಯಾಮ್ನಾ ಅವರ ಕೆಲಸ. ದೊಡ್ಡ ಟ್ರ್ಯಾಕ್ಟರುಗಳನ್ನು ನೋಡಲು ಪಟ್ಟಣದಿಂದ ಕಾರಿನಲ್ಲಿ ಬರುವವರಿದ್ದಾರೆ. ಕೈಯಲ್ಲಿ ತಳ್ಳುವ ಟಿಲ್ಲರು, ನೀರೆತ್ತುವ ಪಂಪು, ಬೆನ್ನಿಗೆ ಕಟ್ಟಿಕೊಂಡು ಸೇಬಿಗೆ ಔಷಧಿ ಹೊಡೆಯುವ ಯಂತ್ರ, ಇವುಗಳ ಪಾಲಿಗೆ ಇರುವವರು ಯಾಮ್ನಾ ಒಬ್ಬರೇ. ಸೇಬಿನ ಲಾರಿ ಸಿಕ್ಕರೆ ಲಾರಿ, ಇಲ್ಲವಾದರೆ ಹೇಸರಗತ್ತೆ, ಹಿಮ ಬಿದ್ದರೆ ಕಾಲು. ದಿನಕ್ಕೆ ಎರಡೋ ಮೂರೋ ಮನೆ. ಒಂದೊಂದು ಮನೆಯಲ್ಲೂ ಕನಿಷ್ಠ ಮೂರು ಲೋಟ ಪುದೀನ ಚಹಾ.

ಗಂಡನಿಗೆ ಯಂತ್ರ ರಿಪೇರಿ ಅಂಗಡಿ ಇತ್ತು. ಆತ ಎಂಜಿನ್ ಬಿಚ್ಚುವಾಗ ಪಾನಾ ಎತ್ತಿಕೊಡುತ್ತಿದ್ದವರು ಇವರು. ಆತ ತೀರಿಹೋದ ಮೇಲೆ ಅಂಗಡಿ ಮುಚ್ಚಿತು, ಸಂಘದವರು ಕರೆದರು. ಮೊದಮೊದಲು, ವಿಮೆಯ ಮಾತೇ ಅಪಶಕುನವೆಂದು, ಜನ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. "ಮುರ್ಯೋದ್ನ ಮಾರೋಳು ಬಂದ್ಲು ಅಂತಿದ್ರು," ಎಂದು ಯಾಮ್ನಾ ನಗುತ್ತಾರೆ. "ಈಗ್ಲೂ ಅಂತಾರೆ. ಆದ್ರೆ ಚಹಾ ಕೊಟ್ಟು ಅಂತಾರೆ."

ಇವತ್ತಿನ ಕೆಲಸಕ್ಕೆ ಅವಸರವಿದೆ. ಜವೆಗೋಧಿ ಬಿತ್ತನೆಗೆ ಮುನ್ನ ಇಲ್ಲಿಯವರು ತ್ವೀಝಾ ಮಾಡುತ್ತಾರೆ. ಮುಯ್ಯಾಳು ಎನ್ನಬಹುದು: ಎಲ್ಲರೂ ಸೇರಿ ಒಬ್ಬರ ಹೊಲ ಮುಗಿಸಿ ಇನ್ನೊಬ್ಬರ ಹೊಲಕ್ಕೆ ಇಳಿಯುವುದು. ತೂದಾ ಎರಡು ವರ್ಷದ ಸೇಬು ಮಾರಿ ಕೊಂಡ ಈ ಟಿಲ್ಲರ್ ಇವತ್ತು ಬೆಟ್ಟದ ಮೆಟ್ಟಿಲು ಹೊಲಗಳಲ್ಲೆಲ್ಲ ಕೈಯಿಂದ ಕೈಗೆ ಹೋಗಲಿದೆ. ಎಂಜಿನ್ ಶುರುವಾಗುವ ಮೊದಲು ವಿಮೆಗೆ ಸಹಿ ಬೀಳಬೇಕು.

ತೂದಾ ಬೆಂಕಿ ಮತ್ತು ಕಳವಿನ ವಿಮೆ ಸಾಕು ಎಂದು ಆರಿಸಿಕೊಂಡಿದ್ದಾಳೆ. ಕಣಿವೆಯ ಬಹುಪಾಲು ಜನ ಆರಿಸುವುದು ಅದನ್ನೇ. ಕಳ್ಳತನವನ್ನೇ ಕಾಣದ ಊರು ಕಳ್ಳನಿಗೆ ಕಂತು ಕಟ್ಟುತ್ತದೆ. "ಕಳ್ಳ ಅಂದ್ರೆ ಹೊರಗಿನೋನು. ಅವ್ನ ಮೇಲೆ ಬರ್ಸಿದ್ರೆ ಯಾರ್ಗೂ ನೋವಿಲ್ಲ," ಎನ್ನುತ್ತಾರೆ ಯಾಮ್ನಾ. "ಪಕ್ಕದ್ಮನೆಯೋನ ಕೈ ತಪ್ಪಿದ್ರೆ ಅಂತ ಬರ್ಸಿ ನೋಡಿ, ಮೂರು ತಲೆಮಾರು ಮಾತಾಡ್ಸಲ್ಲ."

ಬರೆಸದೆ ಇದ್ದರೂ ಮಾತು ನಿಲ್ಲಬಹುದು; ಮೇಲಿನ ಊರಿನಲ್ಲಿ ಆದದ್ದು ಅದೇ. ಎರವಲು ಕೊಟ್ಟ ಟಿಲ್ಲರ್ ಮೆಟ್ಟಿಲು ಹೊಲದ ಅಂಚಿನಿಂದ ಉರುಳಿ ಕೆಳಗಿನ ಹೊಲಕ್ಕೆ ಬಿತ್ತು. ವಿಮೆ ಇದ್ದದ್ದು ಒಡೆಯನೇ ಓಡಿಸುವಾಗಿನ ಹಾನಿಗೆ ಮಾತ್ರ, ಪರಿಹಾರ ಬರಲಿಲ್ಲ. ಆ ಎರಡು ಮನೆಯವರು ಈಗ ಒಂದೇ ಗಿರಣಿಗೆ ಬೇರೆ ಬೇರೆ ದಾರಿಯಲ್ಲಿ ಹೋಗುತ್ತಾರೆ.

"ಬೇರೆಯವ್ರ ಕೈನೂ ಸೇರ್ಸು ತಂಗೀ," ಎಂದು ಯಾಮ್ನಾ ಕೊಟ್ಟಿಗೆಯಲ್ಲಿ ಮೆಲ್ಲಗೆ ಹೇಳುತ್ತಾರೆ.

"ಬೇಡ ಅಕ್ಕಾ. ರೊಟ್ಟಿ ತಿನ್ನೋಕ್ ಕರ್ದು, ಕೈ ಕೊಳೆ ಇದೆ ಅಂದಂಗಾಗತ್ತೆ."

ಯಾಮ್ನಾ ಒತ್ತಾಯಿಸುವುದಿಲ್ಲ. ಅಂಗಳದಲ್ಲಿ ಆಗಲೇ ಮುಯ್ಯಾಳುಗಳು ಸೇರಿದ್ದಾರೆ. ಬಿಸಿ ರೊಟ್ಟಿ, ಬೆಣ್ಣೆ, ಕೆಟಲ್‌ಗಳ ಸದ್ದು. ಯಾಮ್ನಾ ಒಂದು ಲೋಟ ಎತ್ತಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಕೇಳುತ್ತಾರೆ: "ತೂದಾ ಟಿಲ್ಲರಿಗೆ ಕಳವಿನ ವಿಮೆ ಮಾಡಿಸ್ತಿದಾಳೆ. ನಿಮ್ಮಲ್ಲಿ ಕದಿಯೋರು ಯಾರ್ ಯಾರಿದೀರಿ?"

ಅಂಗಳ ಗೊಳ್ಳೆಂದು ನಗುತ್ತದೆ. ಎಲ್ಲರಿಗಿಂತ ಹಿರಿಯನಾದ ಬಾಸ್ಸು ಅಜ್ಜ ಗಡ್ಡದಿಂದ ರೊಟ್ಟಿಚೂರು ಕೊಡವಿಕೊಳ್ಳುತ್ತಾನೆ.

"ಕದ್ದೋನು ಎಲ್ಗೆ ಓಡ್ತಾನೆ ಮಗಳೇ? ಅದು ಹೋಗೋ ವೇಗಕ್ಕೆ ನನ್ನ ಕುಂಟು ಕತ್ತೆ ಹೋಗಿ ಹಿಡ್ಕೊಂಡು ಬರತ್ತೆ!"

"ಕಳ್ಳನ್ ಮಾತಿರ್ಲಿ ಅಜ್ಜಾ," ಪಕ್ಕದ ಮನೆಯ ಇಜ್ಜಾ ಬಾಯಿ ಹಾಕುತ್ತಾಳೆ. "ನಿನ್ನ ಕೈಗೆ ಕೊಟ್ರೆ ಅದಕ್ಕಿಂತ ಭಯ. ಹೋದ್ವರ್ಷ ನಮ್ಮ ಕಲ್ಗೋಡೆ ಕೆಡವಿದ್ಯಾರು?"

"ಅದು ತಾನಾಗೇ ಬಿತ್ತು."

"ಹ್ಞೂಂ, ನೀನು ಕತ್ತೆ ಹತ್ಸಿದ್ಮೇಲೆ ತಾನಾಗೇ ಬಿತ್ತು!"

ನಗು ಇನ್ನೊಂದು ಸುತ್ತು ಏಳುತ್ತದೆ. ಯಾಮ್ನಾ ಸಕ್ಕರೆ ಚೂರೊಂದನ್ನು ಬಾಯಲ್ಲಿಟ್ಟುಕೊಂಡು ಚಹಾ ಹೀರುತ್ತ ಕೂತಿದ್ದಾರೆ, ಅಷ್ಟೆ. ತೂದಾ ಬಾಗಿಲ ಮರೆಯಲ್ಲಿ ಉಗುರು ಕಚ್ಚುತ್ತಿದ್ದಾಳೆ. ಅಜ್ಜನೇ ಕೊನೆಗೆ ತಲೆ ಕೆರೆದುಕೊಂಡು ಕೇಳುತ್ತಾನೆ.

"ಅಲ್ಲಾ ಯಾಮ್ನಾ, ನನ್ನಂಥ ಕೈಗೂ ವಿಮೆ ಇದ್ಯಾ?"

"ಇದೆ ಅಜ್ಜ. ಆದ್ರೆ ಎಲ್ಲಾ ಸೇರ್ಸಿದ್ರೆ ತೂದಾಗೆ ಕಂತಿನ ಹೊರೆ. ಕಳ್ಳನ್ನ ಎಬ್ಬಿಸಿದ್ರೆ ಆ ಜಾಗದಲ್ಲಿ ನೀನು ಕೂರ್ಬೋದು."

"ಹಂಗಿದ್ರೆ ಕಳ್ಳನ್ನ ಹೊರಗ್ ಹಾಕು, ನನ್ನ ಒಳಗ್ ಹಾಕು!"

"ನನ್ನ ಕೈನೂ!" ಎನ್ನುತ್ತಾಳೆ ಇಜ್ಜಾ. ಇನ್ಯಾರೋ ಎರಡೂ ಕೈ ಎತ್ತುತ್ತಾರೆ. "ನಂದು ಎಡಗೈ, ಅದಕ್ಕೆ ಬೇರೆ ಕಟ್ಬೇಕಾ?" ಎಂದು ಮತ್ತೊಬ್ಬ. ತಮ್ಮ ಕೈ ತಪ್ಪಬಹುದೆಂದು ಊರವರೇ ಪೈಪೋಟಿಗೆ ಬಿದ್ದು ಒಪ್ಪಿಕೊಳ್ಳುತ್ತಿದ್ದಾರೆ. ತೂದಾ ಬಾಗಿಲ ಮರೆಯಿಂದ ಈಚೆ ಬರುತ್ತಾಳೆ. ಅವಳ ಮುಖ ಬಿಡಿಸಿಟ್ಟ ದಾಳಿಂಬೆಯ ಹಾಗಿದೆ. ಬೆಂಕಿ ಉಳಿಯುತ್ತದೆ, ಕಳವು ಹೋಗುತ್ತದೆ. ಅದರ ಬದಲು ಯಾಮ್ನಾ ಬರೆಯುತ್ತಾರೆ: ಒಡತಿ ಒಪ್ಪಿ ಕೊಟ್ಟ ವಯಸ್ಕರು ಯಾರೇ ಓಡಿಸುತ್ತಿದ್ದಾಗ ಉರುಳಿದರೂ, ಮುರಿದರೂ ಪರಿಹಾರ ಉಂಟು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕಾಗದ ಇಟ್ಟು ತೂದಾ ಸಹಿ ಮಾಡುತ್ತಾಳೆ. ಈ ಸಲ ಅವಳು ಯಾರಿಗೂ "ಹುಷಾರು" ಎಂದು ಹೇಳಬೇಕಾಗಿಲ್ಲ.

"ಇದು ನನ್ನ ಜಾಣತನ ಏನಲ್ಲ," ಎನ್ನುತ್ತಾರೆ ಯಾಮ್ನಾ. "ಜನ್ರಿಗೆ ತಮ್ಮ ಕೈ ಗೊತ್ತಿರತ್ತೆ. ಬೇರೆಯವ್ರು ಹೇಳ್ಬಾರ್ದು, ಅಷ್ಟೇ."

ಬಿಸ್ಮಿಲ್ಲಾ ಎಂದು ಅಜ್ಜನೇ ಹಗ್ಗ ಎಳೆಯುತ್ತಾನೆ. ಎಂಜಿನ್ ಕೆಮ್ಮಿ, ಗುಡುಗಿ, ಶುರುವಾಗುತ್ತದೆ. ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕುತ್ತಾರೆ. ಟಿಲ್ಲರ್ ಮೊದಲ ಹೊಲಕ್ಕೆ ಇಳಿದು ಕಪ್ಪು ಮಣ್ಣನ್ನು ತಿರುವಿ ಹಾಕುತ್ತ ಹೊರಡುತ್ತದೆ. ಅದರ ಹಿಂದೆ ಊರೆಲ್ಲ ಹಾಡುತ್ತ ಸಾಗುತ್ತದೆ. ಸರದಿ ಯಾರದೆಂದು ಜಗಳ ಬೇರೆ.

ಯಾಮ್ನಾ ಮುಂದಿನ ಊರಿಗೆ ಹೋಗಬೇಕು, ಅಲ್ಲೊಂದು ಪಂಪು ಕಾಯುತ್ತಿದೆ. ಆದರೂ ಬದುವಿನ ಮೇಲೆ ನಿಂತಿದ್ದಾರೆ. ಈ ಕಣಿವೆಯ ಒಂದೊಂದು ಟಿಲ್ಲರಿನ ಗುರುತೂ ಅವರಿಗೆ ಗೊತ್ತು. ಓಡುತ್ತಿರುವ ಒಂದರ ಹ್ಯಾಂಡಲನ್ನು ಮಾತ್ರ ಇದುವರೆಗೆ ಹಿಡಿದಿಲ್ಲ. ಅಂಗಡಿಯಲ್ಲಿ ಗಂಡ ಬಿಡುತ್ತಿರಲಿಲ್ಲ, ಹೊಲಗಳಲ್ಲಿ ಯಾರೂ ಕೇಳಲಿಲ್ಲ. ಅವರು ಚೀಲವನ್ನು ಕೆಳಗಿಡುತ್ತಾರೆ, ಅಂಗಿಯ ತೋಳು ಮಡಚುತ್ತಾರೆ, ಎಂಜಿನ್ ಸದ್ದಿಗೂ ಹಾಡಿಗೂ ಎದುರಾಗಿ ಕೂಗುತ್ತಾರೆ:

"ನಂಗೂ ಒಂದ್ ಸಾಲು ಹೊಡ್ಯೋಕ್ ಕೊಡ್ರಪ್ಪಾ!"