ಕಣ ಬಿಟ್ಟುಕೊಟ್ಟ ವರ್ಷ

ನಮ್ಮ ಮನೆಗೆ ಬಂದವರಿಗೆ ಕಾಫಿ ಕೊಡುವಾಗಲೇ ನಾನು ಕೇಳಿಬಿಡುತ್ತೇನೆ: "ಯಾವ ಬಸ್ಸಿಗೆ ಹೊರಡ್ತೀರಿ?" ದಾವಣಗೆರೆಯ ಎಸ್.ಎಸ್. ಬಡಾವಣೆಯ ನೆಂಟರಲ್ಲಿ ನನ್ನ ಹೆಸರು ಕೆಟ್ಟಿರುವುದೇ ಇದರಿಂದ. ಕೆಡಲಿ. ಹಾಗೆ ಕೇಳುವುದು ಮಹಾಪಾಪ ಎಂದುಕೊಂಡ ಮನೆಯಲ್ಲಿ ಬೆಳೆದವಳು ನಾನು. ಅದರ ಫಲ ಉಂಡಿದ್ದೇನೆ.

ಕಾರ್ಗಿಲ್ ಯುದ್ಧ ಮುಗಿದ ವರ್ಷ. ದೀಪಾವಳಿ ಕಳೆದ ಮೇಲೆ ನಮ್ಮೂರು ಕೊಕ್ಕನೂರಿಗೆ ಹರಿಹರದ ಕಡೆಯಿಂದ ಮಿಲಿಟರಿ ಲಾರಿಗಳು ಬಂದವು. ಹೊಳೆಗೆ ಸೇತುವೆ ಹಾಕಿ ದಾಟುವ ತಾಲೀಮು ಮಾಡುವ ತುಕಡಿ. ದಿನಾ ನಂದಿಗುಡಿ ಕಡೆಯ ಹೊಳೆಗೆ ಹೋಗಿ ಬರುವುದು, ರಾತ್ರಿ ಇಲ್ಲಿ ತಂಗುವುದು. ಬಿಡಾರ ಹೂಡಲು ಗಟ್ಟಿ ನೆಲ ಬೇಕಿತ್ತು. ಊರ ಹಿರಿಯರು ಗೋಮಾಳ ತೋರಿಸಿದರು. ಅದು ಧಾರಾಳವಾಗಿ ಸಾಕಿತ್ತು. ಆದರೆ ನಮ್ಮ ಅಪ್ಪಾಜಿ ಸುಮ್ಮನಿರಬೇಕಲ್ಲ.

"ದೇಶ ಕಾಯೋರನ್ನ ದನ ಮೇಯೋ ಜಾಗದಾಗ ಇಳಿಸ್ತೀರೇನ್ರಿ? ನಮ್ ಕಣ ಐತೆ, ಬರ್ರಿ" ಅಂದು ಪಂಚೆ ಎತ್ತಿ ಕಟ್ಟಿ ಮುಂದೆ ನಡೆದೇಬಿಟ್ಟರು.

ಭತ್ತ ಒಕ್ಕುವ ಆ ಕಣವನ್ನು ಪ್ರತಿ ಸುಗ್ಗಿಗೂ ಸಿದ್ಧ ಮಾಡುತ್ತಿದ್ದವಳು ಅವ್ವ. ನೀರು ಚಿಮುಕಿಸಿ, ನೆಲ ಬಡಿದು, ಸಗಣಿಯಿಂದ ಸಾರಿಸಿ ಬಿಟ್ಟರೆ ಚಪ್ಪಲಿ ಕಾಲಲ್ಲಿ ಯಾರೂ ಅದನ್ನು ಹತ್ತುವಂತಿರಲಿಲ್ಲ, ಅಪ್ಪಾಜಿ ಕೂಡ. ಆ ವರ್ಷ ಆಗಷ್ಟೇ ಸಾರಿಸಿ ಮುಗಿಸಿದ್ದಳು. ಅವಳಿಗೆ ತವರಿನವರು ಕೊಟ್ಟ ಒಂದು ತುಂಡು ಗದ್ದೆಯಿತ್ತು. ಅದರ ಭತ್ತ ಮಾತ್ರ ಅವಳದು. ಹರಿಹರದಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಆ ಬೆಳೆ ಮಾರಿ ದಾವಣಗೆರೆಯಲ್ಲಿ ಬಿ.ಎಡ್. ಓದಿಸುತ್ತೇನೆಂದು ಹಟ ಹಿಡಿದಿದ್ದಳು. ಅಪ್ಪಾಜಿ ಆಗಲೇ ಗಂಡು ನೋಡಲು ಶುರು ಮಾಡಿದ್ದರು.

ಸಿಪಾಯಿಗಳು ಬಿಡಾರ ಹೂಡಿದ ರೀತಿಯನ್ನು ಮೆಚ್ಚಲೇಬೇಕು. ಮೊದಲು ಹಗ್ಗ ಹಿಡಿದು ಅಳೆದರು, ಸುಣ್ಣದ ಪುಡಿಯಲ್ಲಿ ಗೆರೆ ಎಳೆದರು. ಆಮೇಲೆ ಗೆರೆ ತಪ್ಪದಂತೆ ಡೇರೆಗಳು ಎದ್ದವು. ಹೊಗೆ ಡೇರೆಗಳ ಕಡೆ ಬರದಂತೆ ಗಾಳಿ ನೋಡಿ ಅಡುಗೆಯ ಜಾಗ, ದೂರದಲ್ಲಿ ಪಾಯಖಾನೆಯ ಗುಂಡಿ, ಲಾರಿಗಳಿಗೆ ಬೇರೆ ಸಾಲು, ಬಾಗಿಲಿಗೆಂದು ಸುಣ್ಣ ಬಳಿದ ಎರಡು ಕಲ್ಲು, ಪಕ್ಕದಲ್ಲಿ ಕಾವಲಿನವನು. ಮಳೆ ಬಂದರೆ ನೀರು ಒಳಗೆ ನುಗ್ಗದಿರಲೆಂದು ಪ್ರತಿ ಡೇರೆಯ ಸುತ್ತ ಕಾಲುವೆ ತೋಡಿದರು. ಅಷ್ಟು ಹಳೆಯ ನಮ್ಮ ಊರಿಗೆ ಒಂದು ನೆಟ್ಟಗಿನ ಚರಂಡಿ ಇರಲಿಲ್ಲ, ಅವರಿಗೆ ಸಂಜೆಯೊಳಗೆ ಆಗಿಹೋಗಿತ್ತು. ಜನ ಜಾತ್ರೆಗೆ ಬಂದ ಹಾಗೆ ಬಂದು ನೋಡಿದರು. ಅವ್ವ ಹೊರಗೆ ಬರಲಿಲ್ಲ. ಸಾರಿಸಿದ ನೆಲಕ್ಕೆ ಗುದ್ದಲಿ ಬೀಳುವ ಸದ್ದು ಅಡುಗೆಮನೆಗೇ ಕೇಳುತ್ತಿತ್ತು.

ಮರುದಿನ ಅವರ ಸಾಹೇಬರು ನಮ್ಮ ಜಗಲಿಗೆ ಬಂದರು. ಉತ್ತರದ ಕಡೆಯವರು, ಮೆತ್ತಗೆ ಮಾತಾಡುವ ಮನುಷ್ಯ. ನನಗೆ ಹಿಂದಿ ಬರುತ್ತದೆಂದು ನನ್ನನ್ನು ಕರೆಸಿದರು. ಈ ನೆಲ ನಿಮಗೇನಾದರೂ ಬೇಕಾ, ಬೇಕಿದ್ದರೆ ನಾವು ಬೇರೆ ಕಡೆ ಹೋಗುತ್ತೇವೆ ಎಂದರು. ನಾನು ಬಾಯಿ ತೆರೆಯುವುದರೊಳಗೆ ಅಪ್ಪಾಜಿ ದಾವಣಗೆರೆ ಮಂಡಿಯಲ್ಲಿ ಕಲಿತ ಉರ್ದುವಿನಲ್ಲಿ ತಾವೇ ಹೇಳಿಬಿಟ್ಟರು: "ಖಾಲಿ ಹೈ ಸಾಬ್, ಆರಾಮ್ ಸೇ ರಹೋ."

ಕೊಯ್ಲು ಬಂತು. ಊರಿನ ಕಣಗಳೆಲ್ಲ ತುಂಬಿದವು. ಅಪ್ಪಾಜಿ ತಮ್ಮ ಭತ್ತವನ್ನು ಚಿಕ್ಕಪ್ಪನ ಕಣಕ್ಕೆ ಸಾಗಿಸಿದರು. ಅಲ್ಲಿ ಅವ್ವನದಕ್ಕೆ ಜಾಗ ಉಳಿಯಲಿಲ್ಲ. ಕೊಯ್ದದ್ದು ಗದ್ದೆಯಲ್ಲೇ ಬಿದ್ದಿತ್ತು.

"ಏನ್ರಿ, ಯಾವಾಗ ಹೋಗ್ತಾರಂತ ಒಂದ್ ಮಾತು ಕೇಳ್ರಿ" ಎಂದಳು ಅವ್ವ.

"ಬಂದೋರನ್ನ ಯಾವಾಗ ಹೋಗ್ತೀರಿ ಅಂತ ಕೇಳೋ ಮನೆತನ ಅಲ್ಲ ಇದು."

"ಹಂಗಾರ ಡಾಂಬರ್ ರಸ್ತಿ ಮ್ಯಾಲಾದ್ರೂ ಹಾಕಿ ಒಕ್ಕಸ್ತೀನಿ."

"ಕಣ ಇಟ್ಕೊಂಡು ರಸ್ತಿಗೆ ಹೋದ್ರಂತ ಊರು ನಗಬೇಕೇನು? ಸುಮ್ನಿರು."

ನಾನೇ ಕೇಳುತ್ತೇನೆಂದೆ. ಹೊಸಿಲು ದಾಟಿ ನೋಡು ಎಂದರು ಅಪ್ಪಾಜಿ. ಅವರ ದನಿ ಹೇಗಿತ್ತೆಂದರೆ ಅವ್ವನೇ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡಳು. ದೇಶ, ಮನೆತನ, ಮರ್ಯಾದೆ ಎಲ್ಲವನ್ನೂ ಆ ಮನುಷ್ಯ ಅವ್ವನ ಗದ್ದೆಯ ಮೇಲೆ ಹೇರಿ ತಾನು ದೊಡ್ಡಸ್ತಿಕೆ ಮೆರೆಯುತ್ತಿದ್ದ. ಕಂಡವರ ಹೊಲದಲ್ಲಿ ದಾನ ಮಾಡುವುದು ಸುಲಭ.

ಮಳೆ ಬಂತು, ಅಕಾಲದ ಮಳೆ, ಬಿಡದೆ ಹಿಡಿದು ಹೊಯ್ಯಿತು. ಡೇರೆಗಳ ಸುತ್ತಲಿನ ಕಾಲುವೆಯಲ್ಲಿ ನೀರು ಎಷ್ಟು ಚಂದ ಹರಿದು ಹೋಯಿತೆಂದರೆ ಒಬ್ಬ ಸಿಪಾಯಿಯ ಹಾಸಿಗೆಯೂ ನೆನೆಯಲಿಲ್ಲ. ಅವ್ವನ ಭತ್ತ ಗದ್ದೆಯಲ್ಲೇ ಮೊಳಕೆ ಒಡೆಯಿತು.

ಹೊರಡುವ ದಿನ ಸಾಹೇಬರು ಅಪ್ಪಾಜಿಗೆ ಒಂದು ಹಿತ್ತಾಳೆ ಫಲಕ ಕೊಟ್ಟು ಕೈ ಕುಲುಕಿದರು. ಅಷ್ಟರಲ್ಲಿ ಅವ್ವ ಮೊಳಕೆ ಬಂದ ಹೊರೆಯನ್ನು ದನಕ್ಕೆ ಹಾಕಲು ತಲೆ ಮೇಲೆ ಹೊತ್ತು ಬಂದಳು. ಇದೇನಾಯಿತು ಎಂದು ಸಾಹೇಬರು ನನ್ನನ್ನು ಕೇಳಿದರು. ಎಲ್ಲ ಹೇಳಿದೆ, ಅಪ್ಪಾಜಿಯ ಎದುರಿಗೇ. ಸಾಹೇಬರ ಮುಖ ಸಣ್ಣದಾಯಿತು. "ಒಂದು ಮಾತು ಹೇಳಿದ್ದರೆ ಅವತ್ತೇ ಎತ್ತಿಕೊಂಡು ಆ ದನ ಮೇಯುವ ಮೈದಾನಕ್ಕೆ ಹೋಗುತ್ತಿದ್ದೆವಲ್ಲ ಮಗಳೇ, ಹೂಡುವುದು ಎತ್ತುವುದು ನಮ್ಮ ಕೆಲಸವೇ ಅಲ್ಲವೇ" ಎಂದರು ಹಿಂದಿಯಲ್ಲಿ. ಸುಳ್ಳಲ್ಲ ಅದು. ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿ ಡೇರೆ ಇರಲಿಲ್ಲ, ಲಾರಿ ಇರಲಿಲ್ಲ, ಸುಣ್ಣದ ಕಲ್ಲೆರಡು ಉಳಿದಿದ್ದವು. ಕಾಲುವೆಗಳನ್ನು ಕೂಡ ಮುಚ್ಚಿ ಮಟ್ಟ ಮಾಡಿ ಹೋಗಿದ್ದರು.

ಮುಂದಿನ ಮಳೆಗಾಲದೊಳಗೆ ನನ್ನ ಮದುವೆಯಾಯಿತು. ಬಿ.ಎಡ್. ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಆ ಫಲಕ ಮಾತ್ರ ಈಗಲೂ ತವರಿನ ಪಡಸಾಲೆಯಲ್ಲಿದೆ. ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಉಜ್ಜುವವಳು ಅವ್ವನೇ.

ಮದುವೆಯಾದ ಮೇಲೆ ಮೊದಲ ಸಲ ಅಪ್ಪಾಜಿ, ಅವ್ವ ಇಬ್ಬರೂ ನಮ್ಮ ಮನೆಗೆ ಬಂದಾಗ ಕಾಫಿ ಲೋಟ ಕೈಗಿಟ್ಟು ಕೇಳಿದೆ: "ಯಾವ ಬಸ್ಸಿಗೆ ಹೊರಡ್ತೀರಿ ಅಪ್ಪಾಜಿ?"

ಅವರು ಲೋಟ ಕೆಳಗಿಟ್ಟರು. "ಯಾಕವ್ವ, ಬಂದ ಕಾಲಿಗೇ ಹಿಂಗ ಕೇಳ್ತಿ?"

ಅವ್ವ ಕಾಫಿ ಆರಿಸಿಕೊಳ್ಳುತ್ತಾ, ಅವರ ಕಡೆ ನೋಡದೆಯೇ ಹೇಳಿದಳು: "ಸಂಜಿ ಬಸ್ಸಿಗೆ ಅವರು ಹೋಗ್ತಾರ. ನಾನು ಇರ್ತೀನಿ."