ಬಾಯಿ ಬಂದ್, ಕಿವಿ ಚಾಲೂ

ಮೊನ್ನೆ ಅಡುಗೆಮನೆಯ ಪ್ಲಗ್ ಸರಿಮಾಡಲು ಕಪ್ಪು ಇನ್ಸುಲೇಶನ್ ಟೇಪ್ ಬಿಚ್ಚಿದೆ. ಅದರ ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾಶಿಕದ ಒಂದು ಬಾವಿಕಟ್ಟೆ ಕಣ್ಣೆದುರು ಬಂದು ನಿಂತಿತು. ಅದರ ಹಿಂದೆಯೇ ನಮ್ಮ ಫಾದರ್...

ಅವರು ಗದಗ ಕಡೆಯವರು. ಈಗ ಸಂಭಾಜಿನಗರವಾಗಿರುವ ಆಗಿನ ಔರಂಗಾಬಾದಿನಲ್ಲಿ, ನಮ್ಮ ಓಣಿಯ ಚರ್ಚಿನ ಪಾದ್ರಿ. ನಾನು ಧಾರವಾಡದಲ್ಲಿ ಎಂಜಿನಿಯರಿಂಗ್ ಮುಗಿಸಿ ಚಿಕಲಠಾಣಾದ ಒಂದು ಕಾರ್ಖಾನೆ ಸೇರಿದ್ದೆ. ಚರ್ಚಿಗೂ ನನಗೂ ಸಂಬಂಧವಿರಲಿಲ್ಲ. ಕನ್ನಡ ಮಾತಾಡುವ ಹಸಿವು ನನ್ನನ್ನು ಅವರ ಬಳಿಗೆ ಎಳೆದಿತ್ತು. ಮರಾಠಿಯಲ್ಲಿ ಪ್ರಾರ್ಥನೆ, ಹಿಂದಿಯಲ್ಲಿ ಚೌಕಾಸಿ, ಕನ್ನಡದಲ್ಲಿ ಬೈಗುಳ... ಅವರಂಥ ಮಾತುಗಾರರನ್ನು ನಾನು ಮತ್ತೆ ಕಾಣಲಿಲ್ಲ.

ಅಂಥವರು ವರ್ಷಕ್ಕೊಮ್ಮೆ ನಾಶಿಕದ ಪಾದ್ರಿಗಳ ಧ್ಯಾನಮಂದಿರಕ್ಕೆ ಹೋಗಿ ಎಂಟು ದಿನ ಮೌನದಲ್ಲಿರುತ್ತಿದ್ದರು. ಆ ವರ್ಷ ನಾಶಿಕದ್ದೇ ಕಾರ್ಖಾನೆ ಪ್ರದೇಶವಾದ ಅಂಬಡ್‌ನಲ್ಲಿ ನನಗೂ ವಾರದ ಕೆಲಸವಿತ್ತು. ಒಂದೇ ಬಸ್ಸಿಗೆ ಹೊರಟೆವು.

"ಎಂಟು ದಿನ ನೀವು ಹೆಂಗ ಸುಮ್ಮನಿರ್ತೀರಿ ಫಾದರ್?" ಎಂದು ಕೆಣಕಿದೆ.

"ಬಾಯಿ ಬಂದ್, ಕಿವಿ ಚಾಲೂ. ಇಪ್ಪತ್ತು ವರ್ಷದಾಗ ಒಮ್ಮೆನೂ ಮುರಿದಿಲ್ಲ, ತಮ್ಮಾ." ಆ ಹೆಮ್ಮೆ ಅವರಿಗಿತ್ತು.

ಅವರ ಕನ್ನಡಕ ನನ್ನ ಚೀಲದಲ್ಲೇ ಉಳಿದಿತ್ತು. ಮೂರನೆಯ ದಿನ ಕೊಡಲು ಹೋದೆ. ಮಾತಿಲ್ಲದೆ ನಕ್ಕು ತೆಗೆದುಕೊಂಡರು, ಹಿತ್ತಲ ಪೇರಲ ಮರದ ಕೆಳಗೆ ಹೋಗಿ ಕೂತರು. ನಾನು ಹೊರಡುವಾಗ ಅಡುಗೆಯ ಅಕ್ಕ ತಡೆದರು. ನಿಪ್ಪಾಣಿಯವರು.

"ಎಂಜಿನಿಯರ್ ಅಂತಲ್ಲ ತಮ್ಮಾ, ಹಿತ್ತಲ ಬಾವಿ ಪಂಪ್ ಒಂಚೂರು ನೋಡು. ಇಷ್ಟು ಮಂದಿ ಸ್ವಾಮಿಗೋಳು ಜಳಕಕ್ಕ ನೀರಿಲ್ದ ಕುಂತಾರ, ಪಾಪ, ಬಾಯಿಬಿಟ್ಟು ಕೇಳೂ ಹಂಗೂ ಇಲ್ಲ!"

ಬೆಳಗಿನಿಂದ ಲೋಡ್‌ಶೆಡ್ಡಿಂಗ್, ಕರೆಂಟ್ ಇರಲಿಲ್ಲ. ಇಲಿ ಕಡಿದು ಪಂಪಿನ ವಯರಿನ ತಾಮ್ರ ಹೊರಗೆ ಬಂದಿತ್ತು. ನನ್ನ ಟೆಸ್ಟರ್ ಅಂಬಡ್‌ನ ಕೋಣೆಯಲ್ಲಿತ್ತು. ಕರೆಂಟ್ ಇಲ್ಲದಿದ್ದರೂ ಇರಲಿ ಎಂದು, ಒಳಗೆ ಹೋಗಿ ಮೇನ್ ಸ್ವಿಚ್ ಬಂದ್ ಮಾಡಲು ಅಕ್ಕನಿಗೆ ಹೇಳಿ, ಚೀಲದಲ್ಲಿದ್ದ ಟೇಪ್ ಬಿಚ್ಚಿಕೊಂಡು ಒದ್ದೆ ಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತು ಬಿಟ್ಟು ಗೋಡೆಯಾಚೆಗೆ ಕೂಗಿದೆ:

"ಅಕ್ಕಾ, ಬಂದ್?"

"ಬಂದ್... ಬಂದ್..." ಎಂದು ಉತ್ತರ ಬಂತು.

ಕೈ ಚಾಚಿದೆ. ತಾಮ್ರಕ್ಕೂ ನನ್ನ ಬೆರಳಿಗೂ ನಡುವೆ ಒಂದು ಬೆರಳಿನಷ್ಟೇ ಜಾಗ... ಆ ಜಾಗವನ್ನು ಇವತ್ತಿಗೂ ಅಳೆಯುತ್ತಿರುತ್ತೇನೆ.

"ಮುಟ್ಟಬ್ಯಾಡೋ! ಬಂದ್ ಅಲ್ಲ, ಬಂದ್ವು!"

ಪೇರಲ ಮರದ ಕೆಳಗಿನಿಂದ ಬಂದ ದನಿ. ನಾನು ಕೈ ಹಿಂದೆಳೆದುಕೊಂಡ ಗಳಿಗೆಗೇ ಅಡುಗೆಮನೆಯ ಬಲ್ಬು ಕಿಟಕಿಯಲ್ಲಿ ಉರಿಯುವುದು ಕಂಡಿತು. ಅಕ್ಕ ಸ್ವಿಚ್ಚಿನ ಹತ್ತಿರ ಹೋಗುವಷ್ಟರಲ್ಲಿ ಕರೆಂಟ್ ಬಂದಿತ್ತು. ನಾನು ಕೇಳಿದ್ದು ಮರಾಠಿಯ 'ಬಂದ್'. ಅಕ್ಕ ಸಂತೋಷದಿಂದ ಹೇಳಿದ್ದು ನಮ್ಮ ಕಡೆಯ 'ಬಂದ್ವು', ಲೈಟು ಬಂದವು ಎಂದು. ಕೊನೆಯ 'ವು' ಗೋಡೆಯಾಚೆಯೇ ಉಳಿದಿತ್ತು.

ಫಾದರ್ ಎದ್ದು ಬರಲಿಲ್ಲ. ನನ್ನತ್ತ ಒಮ್ಮೆ ನೋಡಿ, ಬೆರಳನ್ನು ತುಟಿಯ ಮೇಲಿಟ್ಟುಕೊಂಡು ಮತ್ತೆ ಮೌನಕ್ಕೆ ಮರಳಿದರು.

ಮರಳುವ ಬಸ್ಸಿನಲ್ಲಿ ನಾನೇ ತಲೆತಗ್ಗಿಸಿದೆ. "ನನ್ನಿಂದ ನಿಮ್ಮ ಮೌನ ಕೆಟ್ಟಿತು, ಫಾದರ್."

"ಅಯ್ಯ ಹುಚ್ಚಾ, ಎಲ್ಲಿ ಕೆಟ್ಟಿತು? ಬಾಯಿ ಬಂದ್ ಇತ್ತಂತನ ಕಿವಿಗೆ ಆ 'ವು' ಬಿತ್ತು. ಇಪ್ಪತ್ತು ವರ್ಷ ಕುಂತದ್ದು ಯಾತಕ್ಕ ಅಂತ ಈ ಸಲ ತಿಳೀತು." ನನ್ನ ಬೆನ್ನಿಗೊಂದು ಗುದ್ದಿ, "ಎಂಜಿನಿಯರ್ ಸಾಹೇಬ್ರ, ಟೆಸ್ಟರ್ ಏನು ದೇವರ ಜಗಲಿ ಮ್ಯಾಲೆ ಇಟ್ಟಿದ್ರೇನು?" ಎಂದರು. ಬಸ್ಸಿನವರೆಲ್ಲ ತಿರುಗಿ ನೋಡುವಂತೆ ನಕ್ಕರು.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ಮಣ್ಣಿಗೆ ಹೋಗಲಾಗಲಿಲ್ಲ.

ಮೊನ್ನೆ ಮೇನ್ ಸ್ವಿಚ್ ನಾನೇ ಆರಿಸಿದೆ. ಎರಡು ಸಲ ಟೆಸ್ಟರ್ ಇಟ್ಟು ನೋಡಿದೆ. ಕರೆಂಟ್ ಇರಲಿಲ್ಲ, ಅದರಲ್ಲಿ ಸಂಶಯವಿಲ್ಲ. ಆದರೂ ತಾಮ್ರ ಮುಟ್ಟುವ ಮುಂಚೆ ಕೈ ತಡೆದು, ಕಿವಿಗೊಟ್ಟು ಕೂತೆ...

ಯಾರೂ ಕೂಗಲಿಲ್ಲ.